ತುಟಿ ಎತ್ತಿದಾಗ ಕಾಣುವಷ್ಟೇ ಗಡ್ಡೆಯಲ್ಲ

‘ಇಷ್ಟು ಚಿಕ್ಕದಿದೆ, ಕತ್ತರಿಸಿ ತೆಗೆದರೆ ಸಾಕಲ್ಲವೇ ಡಾಕ್ಟರ್?’ ನಾಯಿಯ ವಸಡಿನಲ್ಲಿ ಗಡ್ಡೆ ಕಂಡು ಬಂದವರು ಹೆಚ್ಚಾಗಿ ಕೇಳುವುದು ಇದನ್ನೇ. ಪಶು ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿರುವ ನಾನು ಸಿ.ಟಿ. ಚಿತ್ರಗಳನ್ನು ನೋಡುವ ಮುನ್ನ ಇದಕ್ಕೆ ಉತ್ತರ ಕೊಡುವುದಿಲ್ಲ. ಬಾಯಿಯ ಗಡ್ಡೆಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮುಂದಿನ ಅಂಚು ಮಾತ್ರ. ಶಸ್ತ್ರಚಿಕಿತ್ಸೆಯ ಗತಿ ನಿರ್ಧಾರವಾಗುವುದು ಹಿಂದಿನ ಅಂಚಿನಲ್ಲಿ.

ಎಕ್ಸ್-ರೇಯಲ್ಲಿ ಆ ಅಂಚು ಸಿಗುವುದು ಕಷ್ಟ. ಮೂಳೆಯ ಖನಿಜಾಂಶ ಶೇ 30ರಿಂದ 50ರಷ್ಟು ಕರಗುವವರೆಗೆ ಹಾನಿ ಅದರಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲ. ಮೇಲ್ದವಡೆಯಲ್ಲಂತೂ ಹಲ್ಲು, ಮೂಗಿನ ಕುಹರ, ಕೆನ್ನೆಯ ಮೂಳೆ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ಸಿ.ಟಿ.ಯಲ್ಲಿ ತೆಳುವಾದ ಪದರಗಳನ್ನು ಒಂದೊಂದಾಗಿ ನೋಡಬಹುದು. ನಾನು ಮೊದಲು ಮೂಳೆಯನ್ನು ನೋಡುತ್ತೇನೆ, ನಂತರ ರಕ್ತನಾಳಕ್ಕೆ, ಚಿತ್ರದಲ್ಲಿ ಅಂಗಾಂಶಗಳು ಎದ್ದು ಕಾಣಲೆಂದು ಬಳಸುವ ಕಾಂಟ್ರಾಸ್ಟ್ ದ್ರವ ಕೊಟ್ಟು ಮೃದು ಅಂಗಾಂಶವನ್ನು. ಗಡ್ಡೆ ಮೂಗಿನೊಳಗೆ ಇಳಿದಿದೆಯೇ, ಕಣ್ಣುಗೂಡಿನ ತಳ ಗಟ್ಟಿಯಾಗಿ ಉಳಿದಿದೆಯೇ, ಮೇಲ್ದವಡೆಯ ನರ ಹಾದುಹೋಗುವ ಕಾಲುವೆ ಅಗಲವಾಗಿದೆಯೇ? ಹೊರಗೆ ಹುರುಳಿಕಾಳಿನಷ್ಟು ಕಾಣುವ ಗಡ್ಡೆ ಒಳಗೆ ಹಲವು ಹಲ್ಲುಗಳ ಬೇರನ್ನು ಸುತ್ತಿಕೊಂಡಿರುವುದು ಅಪರೂಪವಲ್ಲ.

ಬಯಾಪ್ಸಿಗಿಂತ, ಅಂದರೆ ಪರೀಕ್ಷೆಗೆ ಗಡ್ಡೆಯ ತುಣುಕು ತೆಗೆಯುವುದಕ್ಕಿಂತ, ಮೊದಲೇ ಸ್ಕ್ಯಾನ್ ಆಗಲಿ ಎಂದು ನಾನು ಹಟ ಹಿಡಿಯುತ್ತೇನೆ. ತುಣುಕು ತೆಗೆದ ಮೇಲೆ ರಕ್ತಸ್ರಾವವೂ ಊತವೂ ಸೇರಿ ಗಡ್ಡೆಯ ಗಡಿ ಮಸುಕಾಗುತ್ತದೆ. ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸಬಹುದು. ತುಣುಕನ್ನು ಬಾಯಿಯ ಒಳಗಿನಿಂದಲೇ, ಮುಂದೆ ಹೇಗೂ ಕತ್ತರಿಸಿ ತೆಗೆಯಲಿರುವ ಜಾಗದಿಂದಲೇ ತೆಗೆಯಬೇಕು. ತುಟಿಯ ಚರ್ಮದ ಮೂಲಕ ಸೂಜಿ ಹಾಯಿಸಿದರೆ ಕ್ಯಾನ್ಸರ್ ಕೋಶಗಳಿಗೆ ಹೊಸ ದಾರಿ ತೆರೆದಂತಾಗುತ್ತದೆ.

ಬಯಾಪ್ಸಿ ವರದಿಯೊಂದೇ ಕೈಯಲ್ಲಿದ್ದರೆ ನನಗೆ ಸಮಾಧಾನವಿಲ್ಲ. ಮೇಲ್ದವಡೆಯ ಫೈಬ್ರೋಸಾರ್ಕೋಮಗಳಲ್ಲಿ (ನಾರು ಅಂಗಾಂಶದ ಕ್ಯಾನ್ಸರ್) ಒಂದು ಬಗೆ ಇದೆ; ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲಿ ಹೆಚ್ಚು ಕಾಣುತ್ತದೆ. ಸೂಕ್ಷ್ಮದರ್ಶಕದಡಿ ಸೌಮ್ಯವೆನಿಸುವ ಅದು ಮೂಳೆಯನ್ನು ನಿರ್ದಾಕ್ಷಿಣ್ಯವಾಗಿ ತಿನ್ನುತ್ತಾ ಹೋಗುತ್ತದೆ. ವರದಿ ‘ಸೌಮ್ಯ’ ಎಂದು, ಸ್ಕ್ಯಾನ್ ‘ಮೂಳೆ ಹೋಗಿದೆ’ ಎಂದು ಹೇಳಿದಾಗ ನಾನು ರೋಗಶಾಸ್ತ್ರಜ್ಞರಿಗೆ ಫೋನ್ ಮಾಡಿ ಚಿತ್ರಗಳನ್ನು ಕಳುಹಿಸುತ್ತೇನೆ.

ಕ್ಯಾನ್ಸರ್ ಹರಡಬಹುದಾದ ದುಗ್ಧಗ್ರಂಥಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದವಡೆಯ ಕೆಳಗಿನವು ಕೈಗೆ ಸಿಗುತ್ತವೆ; ಗಂಟಲಿನ ಹಿಂದಿರುವವು ಸಿಗುವುದಿಲ್ಲ, ಸ್ಕ್ಯಾನ್‌ನಲ್ಲೇ ನೋಡಬೇಕು. ಆದರೆ ಗಾತ್ರ ಸರಿಯಾಗಿದ್ದ ಮಾತ್ರಕ್ಕೆ ರೋಗ ಹರಡಿಲ್ಲ ಎಂದು ಬರೆಯಲಾಗದು. ಮೆಲನೋಮ (ಬಣ್ಣದ ಕೋಶಗಳ ಕ್ಯಾನ್ಸರ್) ಸಾಮಾನ್ಯ ಗಾತ್ರದ ಗ್ರಂಥಿಯಲ್ಲೂ, ಕೆಲವೊಮ್ಮೆ ಗಡ್ಡೆಯ ಎದುರು ಬದಿಯದರಲ್ಲೂ ಅಡಗಿರುತ್ತದೆ. ಆದ್ದರಿಂದ ಎರಡೂ ಬದಿಯ ಗ್ರಂಥಿಗಳಿಂದ ಕೋಶಗಳನ್ನು ಪರೀಕ್ಷಿಸಿರೆಂದು ವರದಿಯಲ್ಲೇ ಕೇಳುತ್ತೇನೆ, ಅದೇ ಸರದಿಯಲ್ಲಿ ಎದೆಯ ಸ್ಕ್ಯಾನನ್ನೂ ಮುಗಿಸುತ್ತೇನೆ.

ನಾಲಿಗೆಯ ಗಡ್ಡೆ ಅಥವಾ ಮಿದುಳಿನತ್ತ ಚಾಚಿರುವ ಅನುಮಾನವಿದ್ದರೆ ಎಂ.ಆರ್.ಐ. ಮೇಲು. ಹಲ್ಲಿನ ಚಿಕಿತ್ಸೆಗೆ ಬಳಸುವ ಕೋನ್ ಬೀಮ್ ಸಿ.ಟಿ. ಹಲ್ಲು, ಮೂಳೆಗಳನ್ನು ಚೆನ್ನಾಗಿ ತೋರಿಸಿದರೂ ಮೃದು ಅಂಗಾಂಶದಲ್ಲಿ ಸೋಲುತ್ತದೆ. ಗಡ್ಡೆಗೆ ಅದೊಂದನ್ನೇ ನೆಚ್ಚಬಾರದು.

ವರದಿಯಲ್ಲಿ ‘ದೊಡ್ಡ ಗಡ್ಡೆ’ ಎಂದು ಬರೆದರೆ ಶಸ್ತ್ರಚಿಕಿತ್ಸಕರಿಗೆ ಏನೂ ಸಿಗುವುದಿಲ್ಲ. ಹಿಂದಿನ ಅಂಚು ಯಾವ ಹಲ್ಲಿನವರೆಗೆ ಬಂದಿದೆ, ನಡುಗೆರೆಯಿಂದ ಎಷ್ಟು ದೂರವಿದೆ, ಸುತ್ತ ಆರೋಗ್ಯಕರ ಅಂಗಾಂಶ ಎಷ್ಟು ಉಳಿದಿದೆ ಎಂದು ಮಿಲಿಮೀಟರ್‌ಗಳಲ್ಲಿ ಬರೆಯುತ್ತೇನೆ. ಎಷ್ಟೋ ಬಾರಿ ಅಂಚು ಕಣ್ಣುಗೂಡನ್ನು ದಾಟಿರುತ್ತದೆ, ಶುದ್ಧವಾಗಿ ಕತ್ತರಿಸಲು ಜಾಗವೇ ಇರುವುದಿಲ್ಲ. ಆಗ ವಿಕಿರಣ ಚಿಕಿತ್ಸೆಯ ಯೋಜನೆಗೂ ಸಿ.ಟಿ. ಚಿತ್ರಗಳೇ ಆಧಾರವಾಗುತ್ತವೆ.