ಜಿಗಣೆ, ಬಾಚಣಿಗೆ, ಏಳನೇ ಕ್ಲಾಸು

ಜಿಗಣೆ ಕಂಡು ಮೂರ್ಛೆ ಹೋದ ಹುಡುಗನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಮಗ "ಅಮ್ಮಾ, ಇದು ಸೀರಿಯಸ್ ಸೀನು" ಅಂತ ಗದರಿದ. ಇರಬಹುದಪ್ಪ. ಆದರೆ ಸಾಗರದಲ್ಲಿ ಹುಟ್ಟಿ, ಮಳೆಗಾಲವಿಡೀ ಕಾಲ್ಬೆರಳ ಸಂದಿಯಿಂದ ಉಂಬಳ ಕಿತ್ತು ಸುಣ್ಣ ಹಚ್ಚಿಕೊಂಡು ಸ್ಕೂಲಿಗೆ ಹೋದವಳು ನಾನು. ಅಮೆರಿಕದ ನಾಲ್ಕು ಹುಡುಗರು ಕೆಸರು ನೀರಿನಿಂದೆದ್ದು ಹಾಗೆ ಕಿರುಚಾಡಿದರೆ ನಗದೆ ಏನು ಮಾಡಲಿ? (ಆ ಹುಡುಗನಿಗೆ ಜಿಗಣೆ ಹತ್ತಿದ ಜಾಗ ನಗುವಂಥದ್ದಲ್ಲ, ಒಪ್ಪಿದೆ.)

ಸಿನಿಮಾ 'ಸ್ಟ್ಯಾಂಡ್ ಬೈ ಮಿ'. 1986ರದ್ದು, ನಿರ್ದೇಶಕ ರಾಬ್ ರೈನರ್. ದೆವ್ವದ ಕಾದಂಬರಿಗಳಿಗೆ ಹೆಸರಾದ ಸ್ಟೀಫನ್ ಕಿಂಗ್ ಬರೆದ 'ದಿ ಬಾಡಿ' ಅನ್ನೋ ನೀಳ್ಗತೆ ಇದರ ಮೂಲ. ಇದರಲ್ಲಿ ದೆವ್ವ ಮಾತ್ರ ಇಲ್ಲ. 1959ರ ಬೇಸಿಗೆ ರಜೆ ಮುಗಿಯುತ್ತಾ ಬಂದಿದೆ. ಆರೆಗನ್ನಿನ ಒಂದು ಸಣ್ಣ ಊರು. ರೈಲಿಗೆ ಸಿಕ್ಕಿ ಸತ್ತ ಹುಡುಗನೊಬ್ಬನ ಹೆಣ ಕಾಡಲ್ಲಿ ಬಿದ್ದಿದೆ ಅಂತ ಸುಳಿವು ಸಿಕ್ಕಿ, ಅದನ್ನು ತಾವೇ ಮೊದಲು ಹುಡುಕಿ ಹೆಸರು ಮಾಡಬೇಕು ಅಂತ ನಾಲ್ವರು ಮನೆಯಲ್ಲಿ ಸುಳ್ಳು ಹೇಳಿ ಹಳಿ ಹಿಡಿದು ಹೊರಡುತ್ತಾರೆ. ಕತೆ ಇಷ್ಟೇ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಬೈಗುಳ, ಸಿಗರೇಟು ಧಾರಾಳವಾಗಿವೆ. ಮಕ್ಕಳ ಜೊತೆ ನೋಡುವವರು ತಿಳಿದಿರಲಿ.

ನನಗೆ ತುಂಬಾ ಇಷ್ಟವಾಗಿದ್ದು ವರ್ನ್‌ನ ಬಾಚಣಿಗೆ. ಎರಡು ದಿನದ ದಾರಿ, ಒಬ್ಬನೂ ತಿನ್ನೋಕೆ ಏನೂ ತಂದಿಲ್ಲ. ಎಲ್ಲರ ಜೇಬು ಸೇರಿಸಿ ಎಣಿಸಿದರೆ 2 ಡಾಲರ್ 37 ಸೆಂಟು. ಈ ಗುಂಡುಗುಂಡು ವರ್ನ್ ಮಾತ್ರ ನೆನಪಿಟ್ಟು ಬಾಚಣಿಗೆ ತಂದಿದ್ದಾನೆ, ಟೀವಿಯವರು ಬಂದರೆ ಚೆನ್ನಾಗಿ ಕಾಣಬೇಕಲ್ಲ! ಮುಂದೆ ಎತ್ತರದ ಸೇತುವೆ ಮೇಲೆ ತೆವಳುವಾಗ ಅದೂ ಕೈಜಾರಿ ಹೊಳೆಗೆ ಬೀಳುತ್ತದೆ. ಹಿಂದಿನಿಂದ ರೈಲು ಬರುವ ಆ ದೃಶ್ಯ ಎಲ್ಲರಿಗೂ ನೆನಪಿರುತ್ತೆ. ದೂರದ ರೈಲನ್ನು ಲೆನ್ಸಿನ ಚಮತ್ಕಾರದಲ್ಲಿ ಬೆನ್ನಿಗೇ ತಂದು ನಿಲ್ಲಿಸಿದ್ದು ಅಂತ ಗೊತ್ತಿದ್ದೂ ನಾನು ಸೋಫಾದಿಂದ ಮುಂದಕ್ಕೆ ಬಂದು ಕೂತಿದ್ದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೇತುವೆಯಲ್ಲ. ಆ ಹುಡುಗರು ಏಳನೇ ಕ್ಲಾಸಿಗೆ ಬೇರೆ ಸ್ಕೂಲಿಗೆ ಹೋಗಬೇಕು. ನಡೆಯುತ್ತಾ ನಡೆಯುತ್ತಾ ಕ್ರಿಸ್ ಅನ್ನೋನು ಗಾರ್ಡಿ ಅನ್ನೋ ಗೆಳೆಯನಿಗೆ ಹೇಳುತ್ತಾನೆ: ನೀನು ಕಾಲೇಜಿನ ದಾರಿಯ ಕ್ಲಾಸಿಗೆ ಹೋಗ್ತೀಯ, ನಾವೆಲ್ಲ ಕೈಕೆಲಸ ಕಲಿಸೋ ಕಡೆ ಇರ್ತೀವಿ, ನಮ್ಮ ಜೊತೆ ಸೇರಿ ಹಾಳಾಗಬೇಡ. ಕುಡುಕ ಅಪ್ಪ, ರೌಡಿ ಅಣ್ಣ, ಊರಲ್ಲಿ ಕೆಟ್ಟ ಹೆಸರಿರೋ ಮನೆಯ ಹುಡುಗ ಅವನು. ರಾತ್ರಿ ಕಾವಲು ಕೂತಾಗ ಹಾಲಿನ ದುಡ್ಡಿನ ವಿಷಯ ಬಾಯಿಬಿಡುತ್ತಾನೆ. ಸ್ಕೂಲಿನ ಹಾಲಿನ ದುಡ್ಡು ಕದ್ದದ್ದು ನಿಜ. ಆದರೆ ಮನಸ್ಸು ಕೇಳದೆ ಟೀಚರಮ್ಮನ ಕೈಗೆ ವಾಪಸ್ ಕೊಟ್ಟಿರುತ್ತಾನೆ. ಆದರೂ ಮೂರು ದಿನ ಸ್ಕೂಲಿನಿಂದ ಹೊರಗೆ ಹಾಕಿದ್ದು ಅವನನ್ನೇ. ಮುಂದಿನ ವಾರ ಟೀಚರಮ್ಮ ಹೊಸ ಲಂಗ ತೊಟ್ಟು ಬರುತ್ತಾರೆ. ಅವರ ವಿರುದ್ಧ ಇವನು ಹೇಳಿದರೆ ಯಾರು ನಂಬುತ್ತಾರೆ? ಅಷ್ಟು ಹೇಳಿ ಅಳುತ್ತಾನೆ. ಅದು ಸಿನಿಮಾದ ಅಳು ಅಂತ ಅನ್ನಿಸಲೇ ಇಲ್ಲ. ಆ ಪಾತ್ರ ಮಾಡಿದ ರಿವರ್ ಫೀನಿಕ್ಸ್ 1993ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡ.

ನಾವು ಮೂವರಿದ್ದೆವು. ಪೋಸ್ಟ್‌ಮ್ಯಾನ್ ಮಗಳು, ಸಾಮಿಲ್ಲಿನಲ್ಲಿ ದಿಮ್ಮಿ ಹೊರುವವರ ಮಗಳು, ನಾನು. ತಾಳಗುಪ್ಪ ಲೈನು ಆಗಿನ್ನೂ ಮೀಟರ್ ಗೇಜು. ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ದಿನ ಹಳಿ ಮೇಲೆ ಹತ್ತು ಪೈಸೆ ಇಟ್ಟು ಗಾಡಿಗೆ ಕಾದೆವು. ಗಾಡಿ ಬರೋ ಹೊತ್ತಿಗೆ ಮಾವಿನಮಿಡಿ, ಉಪ್ಪು, ಖಾರದಪುಡಿ ಎಲ್ಲ ಖಾಲಿ. ಹಳಿ ಮೇಲೆ ನಡೆದು ತಾಳಗುಪ್ಪಕ್ಕೇ ಹೋಗಿಬಿಡೋಣ ಅಂದಳು ಸಾಮಿಲ್ಲಿನವಳು. ಹದಿನೈದು ಕಿಲೋಮೀಟರಿನ ಹತ್ತಿರ. ಕತ್ತಲಾಗುತ್ತೆ ಅಂತ ನಾನು ಬೇಡ ಅಂದೆ. ಹುಡುಗರಾಗಿದ್ದರೆ ಟೆಂಟು ಹಾಕ್ತೀವಿ ಅಂತ ಮನೆಯಲ್ಲಿ ಒಂದು ಸುಳ್ಳು ಬಿಟ್ಟು ಹೋಗಬಹುದಿತ್ತೇನೋ.

ಗಣಿತದಲ್ಲಿ ಸಾಮಿಲ್ಲಿನವಳೇ ಮುಂದು. ಭಿನ್ನರಾಶಿ ನನಗೆ ಹೇಳಿಕೊಟ್ಟಿದ್ದೇ ಅವಳು. ಜೂನ್‌ನಲ್ಲಿ ನಾನು ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂ ಸೇರಿದೆ, ಪೋಸ್ಟ್‌ಮ್ಯಾನ್ ಮಗಳು ಕನ್ನಡ ಮೀಡಿಯಂ. ಸಾಮಿಲ್ಲಿನವಳು ಎಲ್ಲಿಗೂ ಸೇರಲಿಲ್ಲ. ಶಿವಮೊಗ್ಗದಲ್ಲಿ ಯಾರದೋ ಮನೆಯಲ್ಲಿ ಮಗು ನೋಡಿಕೊಳ್ಳೋಕೆ ಇದ್ದಾಳೆ ಅಂತ ಆಮೇಲೆ ಗೊತ್ತಾಯಿತು. ಸಿನಿಮಾದ ಗಾರ್ಡಿ, ನೀನೂ ಆ ಕ್ಲಾಸಿಗೆ ಬಾ, ನಿನ್ನ ಕೈಲಾಗುತ್ತೆ ಅನ್ನುತ್ತಾನೆ. ಕ್ರಿಸ್ ಹೋಗುತ್ತಾನೆ, ಒದ್ದಾಡಿ ಓದಿ ಲಾಯರೂ ಆಗುತ್ತಾನೆ. ನಾನು ಅವಳಿಗೆ ಏನೂ ಅನ್ನಲಿಲ್ಲ. ಆ ಜೂನ್‌ನಲ್ಲಿ ನನಗೆ ಹೊಸ ಜಾಮಿಟ್ರಿ ಬಾಕ್ಸ್ ಬಂದಿತ್ತು, ಅದೇ ದೊಡ್ಡ ಸಡಗರ.

ಕೊನೆಗೆ ನಾಲ್ವರೂ ಊರಿಗೆ ವಾಪಸ್ ಬಂದು, ಸ್ಕೂಲಲ್ಲಿ ಸಿಗೋಣ ಅಂತ ತಮ್ಮತಮ್ಮ ಮನೆ ದಾರಿ ಹಿಡಿಯುತ್ತಾರೆ. ಅಪ್ಪುಗೆಯಿಲ್ಲ, ಭಾಷಣವಿಲ್ಲ. ಆಮೇಲೆ ವರ್ನ್, ಟೆಡ್ಡಿ ಇಬ್ಬರೂ ಕಾರಿಡಾರಿನಲ್ಲಿ ಕಾಣುವ ಎರಡು ಮುಖ ಅಷ್ಟೇ ಆಗಿಬಿಟ್ಟರು ಅನ್ನುತ್ತದೆ ದೊಡ್ಡವನಾದ ಗಾರ್ಡಿಯ ದನಿ.

"ಜಗಳಾನೇ ಆಡ್ಲಿಲ್ವಲ್ಲ, ಮತ್ಯಾಕೆ ಫ್ರೆಂಡ್ಸ್ ಆಗಿ ಉಳೀಲಿಲ್ಲ?" ಅಂತ ಮಗ ಕೇಳಿದ. ಅವನಿಗೀಗ ಹನ್ನೆರಡು. ಹಾಲು ಉಕ್ಕುತ್ತೆ ಅಂತ ಒಳಗೆ ಎದ್ದು ಹೋದೆ.

2023ರ ಮಾರಿಕಾಂಬಾ ಜಾತ್ರೆಯಲ್ಲಿ ಪೋಸ್ಟ್‌ಮ್ಯಾನ್ ಮಗಳು ಸಿಕ್ಕಿದ್ದಳು. ಬಳೆ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ಮಾತಾಡಿದೆವು. ಅವಳ ಶುಗರು, ನನ್ನ ಮಂಡಿ ನೋವು, ಗ್ಯಾಸಿನ ರೇಟು. ಸಾಮಿಲ್ಲಿನವಳ ಹೆಸರು ಇಬ್ಬರೂ ಎತ್ತಲಿಲ್ಲ. "ಬರ್ತೀನೇ, ಮನೆ ಕಡೆ ಬಾ" ಅಂದಳು. "ಹ್ಞೂಂ, ಬರ್ತೀನಿ" ಅಂದೆ. ಅವಳ ಮನೆ ಈಗ ಎಲ್ಲಿದೆ ಅಂತ ಕೇಳೋದು ಬಸ್ ಹತ್ತಿದ ಮೇಲೆ ನೆನಪಾಯಿತು.