ಶುಕ್ರವಾರ ರಾತ್ರಿ ಸೋಲುವ ಹುಡುಗರು

ನ್ಯೂಜೆರ್ಸಿಯ ನಮ್ಮ ಟೌನ್‌ಶಿಪ್‌ನ ಹೈಸ್ಕೂಲು ಫುಟ್‌ಬಾಲ್ ತಂಡ ಸೋಲುತ್ತಲೇ ಇದೆ. ಒಂದೆರಡು ಅಂಕದ ಸೋಲಲ್ಲ. ನಲವತ್ತಕ್ಕೆ ಸೊನ್ನೆ, ಐವತ್ತಕ್ಕೆ ಆರು, ಆ ಥರದ್ದು. ಈ ಸಲದ ಶಾಲಾ ಮಂಡಳಿ ಸಭೆಯಲ್ಲಿ ಒಬ್ಬರು ಮೈಕ್ ಹಿಡಿದು ಕೇಳಿಯೇ ಬಿಟ್ಟರು: "ಇದನ್ನು ಮುಚ್ಚಿದರೆ ಏನಾಗುತ್ತೆ?" ಮಾತು ಅಲ್ಲಿಗೆ ನಿಲ್ಲಲಿಲ್ಲ. ರಾತ್ರಿಯೊಳಗೆ ನಮ್ಮ ಭಾರತೀಯ ಪೋಷಕರ ವಾಟ್ಸಾಪ್ ಗುಂಪಿಗೂ ಬಂತು. ಅಲ್ಲಿ ಹೆಚ್ಚಿನವರು, "ಮುಚ್ಚಲಿ ಬಿಡಿ, ಆ ದುಡ್ಡು ರೋಬೋಟಿಕ್ಸ್‌ಗೆ ಹೋಗಲಿ" ಎಂದರು. ನಾನು ಅವರ ಕಡೆ ಇಲ್ಲ. ಹಾಗಂತ ಏನೇ ಆದರೂ ತಂಡ ಇರಲೇಬೇಕು ಅನ್ನುವವರ ಕಡೆಯೂ ಇಲ್ಲ.

ಊರಿನವರಿಗೆ ಆಟ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಆಡುವ ಫುಟ್‌ಬಾಲ್ ಅಲ್ಲ ಇದು. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಿನವರು ಬಂದು ಗುದ್ದಿ ಕೆಡವುತ್ತಾರೆ. ಒಂದು ಕಡೆಗೆ ಹನ್ನೊಂದು ಜನ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್.

ಹೈಸ್ಕೂಲು ಪಂದ್ಯಗಳು ಸಾಮಾನ್ಯವಾಗಿ ಶುಕ್ರವಾರ ರಾತ್ರಿ. ಆ ರಾತ್ರಿಯನ್ನು ಕಾಯಲು ಈ ದೇಶದಲ್ಲಿ ಕಾನೂನೇ ಇದೆ. ಕಾಲೇಜು ಮತ್ತು ಹೈಸ್ಕೂಲು ಪಂದ್ಯಗಳ ಜನ ಟಿವಿ ಮುಂದೆ ಕೂತುಬಿಡಬಾರದು ಅಂತ 1961ರಲ್ಲಿ ಮಾಡಿದ ಏರ್ಪಾಡು. ಸೆಪ್ಟೆಂಬರ್ ಎರಡನೇ ವಾರದಿಂದ ಡಿಸೆಂಬರ್ ಎರಡನೇ ವಾರದವರೆಗೆ ಶುಕ್ರವಾರ ಸಂಜೆ ಆರರ ಮೇಲೆ ಮತ್ತು ಶನಿವಾರ, ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಆಟವನ್ನು ಟಿವಿಯಲ್ಲಿ ತೋರಿಸಿದರೆ ಏಕಸ್ವಾಮ್ಯ ತಡೆಯುವ ಕಾನೂನಿನಿಂದ ಅದಕ್ಕೆ ಸಿಕ್ಕಿರುವ ರಿಯಾಯಿತಿ ಕೈತಪ್ಪುತ್ತದೆ. ಟೆಕ್ಸಸ್‌ನ ಆಲನ್ ಎಂಬ ಊರಲ್ಲಿ 2012ರಲ್ಲಿ ಒಂದು ಹೈಸ್ಕೂಲಿಗೆ ಅಂತ 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು. ಖರ್ಚು 6 ಕೋಟಿ ಡಾಲರ್. ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಸ್ವಲ್ಪ ಕಾಲ ಬಾಗಿಲು ಹಾಕಬೇಕಾಯಿತು, ಅದು ಬೇರೆ ಮಾತು.

ನಮ್ಮ ನ್ಯೂಜೆರ್ಸಿಯಲ್ಲಿ ಅಷ್ಟು ಹುಚ್ಚಿಲ್ಲ. ಆದರೆ ಬೇರು ಹಳೆಯದು. ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಅಂತ ಲೆಕ್ಕಕ್ಕೆ ಹಿಡಿಯುವುದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ 1869ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಲ್ಲಿ ನಡೆದದ್ದನ್ನು. ಇವತ್ತು ನ್ಯೂ ಬ್ರನ್ಸ್‌ವಿಕ್‌ಗೂ ಪ್ರಿನ್ಸ್‌ಟನ್‌ಗೂ ನಡುವಿನ ಊರುಗಳಲ್ಲಿ ಓಡಾಡಿದರೆ ದೋಸೆ ಹೋಟೆಲು, ದೇವಸ್ಥಾನ, ಗಣಿತದ ಟ್ಯೂಷನ್ ಸೆಂಟರ್ ಜಾಸ್ತಿ ಕಾಣುತ್ತವೆ. ಕನ್ನಡದವರೂ ಬೇಕಾದಷ್ಟು ಜನ ಇದ್ದೇವೆ.

ನನಗೆ ಈ ಆಟದ ನಂಟು ಬಂದದ್ದು ಮಗಳಿಂದ. ಅವಳು ಶಾಲೆಯ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಪಂದ್ಯದ ಮಧ್ಯದ ಬಿಡುವಿನಲ್ಲಿ ಬ್ಯಾಂಡ್ ಮೈದಾನಕ್ಕೆ ಇಳಿಯುತ್ತದೆ. ಬ್ಯಾಂಡ್ ಮಕ್ಕಳ ಅಪ್ಪ ಅಮ್ಮಂದಿರು ಅಂಗಡಿ ಇಟ್ಟು ಹಾಟ್ ಡಾಗ್, ಪ್ರೆಟ್ಜೆಲ್, ಹಾಟ್ ಚಾಕೊಲೇಟ್ ಮಾರುತ್ತೇವೆ. ಬಂದ ದುಡ್ಡು ಬ್ಯಾಂಡ್‌ನ ಬಸ್ಸಿಗೆ, ಯೂನಿಫಾರ್ಮಿಗೆ. ಮನೆಯಲ್ಲಿ ಮೊಟ್ಟೆಯನ್ನೂ ತಾರದ ನಾನು ಗ್ಲೌಸ್ ಹಾಕಿಕೊಂಡು ಹಾಟ್ ಡಾಗ್ ಸುತ್ತಿ ಕೊಡುವುದನ್ನು ಶಿವಮೊಗ್ಗದಲ್ಲಿರುವ ನಮ್ಮ ಅತ್ತೆ ವಿಡಿಯೋದಲ್ಲಿ ನೋಡಿ, "ಕೈ ತೊಳ್ಕೊಂಡ್ಯಾ?" ಅಂತ ಮಾತ್ರ ಕೇಳಿದರು.

ನಮ್ಮ ಗುಂಪಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಇದು. ಬ್ಯಾಂಡ್‌ನಲ್ಲಿ ಇರುವವರು ಹೆಚ್ಚಿನಂಶ ನಮ್ಮ ಮಕ್ಕಳೇ, ಭಾರತದವರು, ಚೀನಾದವರು. ಫುಟ್‌ಬಾಲ್ ನಿಂತರೆ ಇವರಿಗೆ ಬ್ಯಾಂಡ್ ಸ್ಪರ್ಧೆಗಳು ಉಳಿಯುತ್ತವೆ. ಆದರೆ ಪ್ರತಿ ವಾರ ಸಿಗುವ ಮೈದಾನ ಮತ್ತು ಜನ ಹೋಗುತ್ತಾರೆ. ಅಂಗಡಿಯ ಆದಾಯವೂ ಹೋಗುತ್ತದೆ. ತಂಡ ಸೋಲುತ್ತಿದ್ದರೂ ಜನ ಪ್ರೆಟ್ಜೆಲ್ ತಿನ್ನುತ್ತಾರೆ.

ಅಂಗಡಿಯ ಕಿಟಕಿಯಿಂದ ನನಗೆ ಮೈದಾನ ಚೆನ್ನಾಗಿ ಕಾಣುತ್ತದೆ. ಕಾಣುವುದು ಅಷ್ಟು ಚೆನ್ನಾಗಿಲ್ಲ. ಗಟ್ಟಿ ತಂಡಗಳಲ್ಲಿ ಐವತ್ತು, ಅರವತ್ತು ಹುಡುಗರು ಇರುತ್ತಾರೆ. ಮುಂದೆ ನುಗ್ಗಲು ಹನ್ನೊಂದು ಜನ, ತಡೆಯಲು ಬೇರೆ ಹನ್ನೊಂದು ಜನ. ಒಬ್ಬರು ಆಡುವಾಗ ಇನ್ನೊಬ್ಬರು ದಣಿವಾರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಗಾಯಾಳುಗಳನ್ನು ಬಿಟ್ಟರೆ ಮೂವತ್ತು ಮುಟ್ಟುವುದೇ ಕಷ್ಟ. ಹಾಗಾಗಿ ನುಗ್ಗುವವರೂ ಅವರೇ, ತಡೆಯುವವರೂ ಅವರೇ. ಮೂರನೇ ಕ್ವಾರ್ಟರ್ ಹೊತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಆಗ ಯಾರಿಗಾದರೂ ಪೆಟ್ಟಾದರೆ ಒಳಗೆ ಬರುವವನು ಒಂಬತ್ತನೇ ಕ್ಲಾಸಿನ ಹುಡುಗ. ವಯಸ್ಸು ಹದಿನಾಲ್ಕು. ಎದುರಿಗೆ ನಿಂತವನಿಗೆ ಹದಿನೆಂಟು, ಗಡ್ಡ ಬಂದಿರುತ್ತದೆ.

ನನಗೆ ಅಂಕಪಟ್ಟಿ ಚಿಂತೆಯಿಲ್ಲ. ಚಿಂತೆ ಇದು.

ಈ ಪಾಡು ನಮಗೆ ಮಾತ್ರ ಬಂದದ್ದಲ್ಲ. ಹತ್ತಿರದ ಪ್ಲೇನ್ಸ್‌ಬರೋದಲ್ಲಿರುವ ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೋ ನಾರ್ತ್ ಹೈಸ್ಕೂಲು 2017ರಲ್ಲಿ ವಾರ್ಸಿಟಿ ತಂಡವನ್ನೇ, ಅಂದರೆ ಶಾಲೆಯ ಮುಖ್ಯ ತಂಡವನ್ನೇ ಇಳಿಸಲಿಲ್ಲ. ಕಿರಿಯರ ಮಟ್ಟದ ಪಂದ್ಯಗಳನ್ನಷ್ಟೇ ಆಡಿತು. ಚಿಕ್ಕ ಶಾಲೆಯೇನಲ್ಲ ಅದು, ಸುಮಾರು ಒಂದೂವರೆ ಸಾವಿರ ಮಕ್ಕಳಿದ್ದರು. ಆದರೆ ಫುಟ್‌ಬಾಲ್ ಆಡುತ್ತೇನೆ ಅಂತ ಬರುವವರು ಸಾಲಲಿಲ್ಲ. ಅದೇ ಶಾಲಾ ಜಿಲ್ಲೆಯ ಸೌತ್ ಹೈಸ್ಕೂಲಿನ ಜೊತೆ ಸೇರಿ ಒಂದೇ ತಂಡ ಮಾಡುತ್ತೇವೆ ಅಂತ ರಾಜ್ಯದ ಕ್ರೀಡಾ ಸಂಘವನ್ನು ಕೇಳಿದರು. ಎರಡೂ ದೊಡ್ಡ ಶಾಲೆಗಳು, ಸೇರಿದರೆ ಬೇರೆಯವರಿಗೆ ಅನ್ಯಾಯ ಅಂತ ಆಗ ಒಪ್ಪಿಗೆ ಸಿಗಲಿಲ್ಲ. ಆಮೇಲೆ ಆ ದಾರಿ ತೆರೆಯಿತು, ಎರಡೂ ಶಾಲೆ ಸೇರಿ ಒಂದೇ ತಂಡ ಕಟ್ಟಿದವು. ಅದೇ 2017ರಲ್ಲಿ ಮೇರಿಲ್ಯಾಂಡ್‌ನ ಎಲಿಕಾಟ್ ಸಿಟಿಯ ಸೆಂಟೆನಿಯಲ್ ಹೈಸ್ಕೂಲು ಕೂಡ ಹುಡುಗರು ಸಾಲದೆ ವಾರ್ಸಿಟಿ ಆಟ ನಿಲ್ಲಿಸಿತು. ಎರಡೂ ಓದಿನಲ್ಲಿ ಹೆಸರು ಮಾಡಿದ ಶಾಲೆಗಳು, ಎರಡರಲ್ಲೂ ಏಷ್ಯಾದ ಮಕ್ಕಳು ಬಹಳ.

ಅಂದರೆ ಈ ಕಥೆಯಲ್ಲಿ ನಾವೂ ಇದ್ದೇವೆ. ನಾವು ಈ ಶಾಲೆಗಳನ್ನು ಹುಡುಕಿಕೊಂಡು ಬಂದು ಮನೆ ಕೊಂಡೆವು. ಮಕ್ಕಳನ್ನು ಟೆನಿಸ್‌ಗೆ, ಈಜಿಗೆ, ಭರತನಾಟ್ಯಕ್ಕೆ, ಚೆಸ್‌ಗೆ ಕಳಿಸಿದೆವು. ತಲೆಗೆ ತಲೆ ಗುದ್ದುವ ಆಟಕ್ಕೆ ಕಳಿಸಲಿಲ್ಲ. ನನಗೆ ಮಗನಿದ್ದಿದ್ದರೆ ನಾನೂ ಕಳಿಸುತ್ತಿರಲಿಲ್ಲ.

ಹೆದರಿಕೆಗೆ ಕಾರಣವೂ ಇದೆ. ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಅವರ ತಂಡ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸತ್ತ 202 ಆಟಗಾರರ ಮಿದುಳು ಪರೀಕ್ಷಿಸಿದಾಗ 177ರಲ್ಲಿ ಸಿಟಿಇ ಅನ್ನುವ ಕಾಯಿಲೆಯ ಗುರುತು ಸಿಕ್ಕಿತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಕಾಯಿಲೆ ಅದು. ಎನ್‌ಎಫ್‌ಎಲ್‌ನಲ್ಲಿ ಆಡಿದ್ದ 111 ಜನರಲ್ಲಿ 110 ಮಂದಿಗೆ ಇತ್ತು. ಹೈಸ್ಕೂಲಿಗೇ ಆಟ ನಿಲ್ಲಿಸಿದ್ದ 14 ಜನರಲ್ಲಿ 3 ಮಂದಿಗೆ. ಈ ಅಂಕಿಗಳನ್ನು ನಮ್ಮ ಗುಂಪಿನಲ್ಲಿ ಹಂಚುವವರು ಒಂದು ಮಾತು ಬಿಡುತ್ತಾರೆ. ಏನೋ ತೊಂದರೆ ಇದೆ ಅಂತ ಅನುಮಾನ ಬಂದ ಮನೆಯವರೇ ಹೆಚ್ಚಾಗಿ ಮಿದುಳು ದಾನ ಕೊಟ್ಟದ್ದು. ಹಾಗಾಗಿ ಇದು ಎಲ್ಲ ಆಟಗಾರರ ಲೆಕ್ಕ ಅಲ್ಲ. ಆದರೂ ತಾಯಿಗೆ ಹೆದರಲು ಮೂರು ಸಾಕು.

ನಿಯಮಗಳು ಬಿಗಿಯಾಗಿವೆ, ನಿಜ. ತಲೆಗೆ ಪೆಟ್ಟಾದ ಅನುಮಾನ ಬಂದರೆ ಹುಡುಗನನ್ನು ಹೊರಗೆ ತೆಗೆಯಬೇಕು, ವೈದ್ಯರು ಒಪ್ಪುವವರೆಗೆ ಒಳಗೆ ಬಿಡಬಾರದು ಅಂತ 2009ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ಮಾಡಿತು. ಕೆಲವೇ ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ಅಂಥದ್ದನ್ನು ತಂದವು. ನ್ಯೂಜೆರ್ಸಿ 2019ರಲ್ಲಿ ಇನ್ನೂ ಮುಂದೆ ಹೋಯಿತು. ಪಂದ್ಯಗಳು ಶುರುವಾದ ಮೇಲೆ ಅಭ್ಯಾಸದಲ್ಲಿ ಪೂರ್ತಿ ಗುದ್ದಾಟ ವಾರಕ್ಕೆ 15 ನಿಮಿಷ ಮಾತ್ರ. ಮೊದಲು 90 ನಿಮಿಷ ಇತ್ತು. ಒಳ್ಳೆಯ ನಿಯಮ. ಆದರೆ ಹುಡುಗರ ಕೊರತೆಯನ್ನು ಯಾವ ನಿಯಮವೂ ತುಂಬುವುದಿಲ್ಲ. ದಣಿದವನನ್ನು ಹೊರಗೆ ಕರೆದರೆ ಒಳಗೆ ಕಳಿಸಲು ಇನ್ನೊಬ್ಬ ಇರಬೇಕು ತಾನೆ?

ಇನ್ನು ದುಡ್ಡಿನ ವಿಷಯ. ಮುಚ್ಚಬೇಕು ಅನ್ನುವವರು ಟೆಕ್ಸಸ್‌ನ ಪ್ರೀಮಾಂಟ್ ಊರಿನ ಉದಾಹರಣೆ ಕೊಡುತ್ತಾರೆ. ಸಾಲ, ಕಡಿಮೆ ಅಂಕ, ಸರಕಾರ ಶಾಲೆಯನ್ನೇ ಮುಚ್ಚುವ ಹೆದರಿಕೆ, ಎಲ್ಲ ಸೇರಿ ಬಂದಾಗ 2012ರಲ್ಲಿ ಅಲ್ಲಿನ ಸೂಪರಿಂಟೆಂಡೆಂಟ್, ಅಂದರೆ ಶಾಲೆಗಳ ಮುಖ್ಯಸ್ಥ ಅರ್ನೆಸ್ಟ್ ಸಿಂಗಲ್ಟನ್ ಆಟಗಳನ್ನೆಲ್ಲ ನಿಲ್ಲಿಸಿಬಿಟ್ಟರು. ಅಲ್ಲಿ ಫುಟ್‌ಬಾಲ್‌ಗೆ ಆಟಗಾರನೊಬ್ಬನಿಗೆ ಸುಮಾರು 1,300 ಡಾಲರ್ ಖರ್ಚಾಗುತ್ತಿತ್ತು, ಗಣಿತಕ್ಕೆ ವಿದ್ಯಾರ್ಥಿಯೊಬ್ಬನಿಗೆ 618 ಡಾಲರ್. ಆಟ ನಿಂತ ಮೊದಲ ಸೆಮಿಸ್ಟರಿನಲ್ಲಿ ಪಾಸಾಗುವವರು 50ರಿಂದ 80 ಪ್ರತಿಶತಕ್ಕೆ ಏರಿದರು. ಸಿಂಗಲ್ಟನ್ ಮಾಡಿದ್ದು ಸರಿ ಅಂತಲೇ ನನ್ನ ಎಣಿಕೆ. ಮನೆ ಹೊತ್ತಿ ಉರಿಯುವಾಗ ಉಯ್ಯಾಲೆ ಉಳಿಸಲು ಯಾರೂ ಹೋಗುವುದಿಲ್ಲ.

ಆದರೆ ನಮ್ಮ ಮನೆ ಉರಿಯುತ್ತಿಲ್ಲ. ನ್ಯೂಜೆರ್ಸಿಯ ಆಸ್ತಿ ತೆರಿಗೆ ದೇಶಕ್ಕೇ ಜಾಸ್ತಿ, ಸರಾಸರಿ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು 10 ಸಾವಿರ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗೇ ಹೋಗುತ್ತದೆ. ನಮ್ಮ ಶಾಲೆಯ ಒಟ್ಟು ಬಜೆಟ್ಟಿನಲ್ಲಿ ಫುಟ್‌ಬಾಲ್‌ನ ಪಾಲು ತೀರಾ ಸಣ್ಣದು. ಹೆಲ್ಮೆಟ್ಟು, ಬಸ್ಸು, ಅಂಪೈರ್‌ಗಳ ಸಂಬಳ, ಕೋಚ್‌ಗಳ ಭತ್ಯೆ. ಅದನ್ನು ನಿಲ್ಲಿಸಿದರೆ ರೋಬೋಟಿಕ್ಸ್ ಕೊಠಡಿಗೆ ಹೊಸ ಯಂತ್ರ ಬರುತ್ತದೆ ಅಂತ ನಂಬಿದವರು ಒಮ್ಮೆ ಬಜೆಟ್ ಸಭೆಯಲ್ಲಿ ಕೂತು ನೋಡಬೇಕು. ಉಳಿದ ದುಡ್ಡು ಮಾರನೇ ವರ್ಷ ಎಲ್ಲಿ ಕರಗಿತು ಅಂತ ಹುಡುಕಲು ದೀಪ ಹಿಡಿದು ಹೋಗಬೇಕಾಗುತ್ತದೆ.

ತಂಡ ಉಳಿಯಲಿ ಅನ್ನಲು ನನಗಿರುವ ಕಾರಣ ಬೇರೆ. ಅದು ಗೊತ್ತಾದದ್ದು ಅಂಗಡಿಯಲ್ಲಿ. ನನ್ನ ಜೊತೆ ಚಿಲ್ಲರೆ ಎಣಿಸುತ್ತಿದ್ದವರು ಹೈಟಿಯಿಂದ ಬಂದ ಮನೆಯ ಹೆಂಗಸು. ಮಗಳು ಬ್ಯಾಂಡ್‌ನಲ್ಲಿ ಡ್ರಮ್ಮು, ಮಗ ಫುಟ್‌ಬಾಲ್ ತಂಡದ ಮುಂಚೂಣಿ ಸಾಲಿನಲ್ಲಿ. ಭಾರೀ ದೇಹದ, ಮೆತ್ತಗೆ ಮಾತಾಡುವ ಹುಡುಗ. ಅವನು ಮೊದಲು ಸಾಕರ್, ಅಂದರೆ ನಮ್ಮೂರಿನ ಫುಟ್‌ಬಾಲ್ ತಂಡದ ಆಯ್ಕೆಗೆ ಹೋಗಿದ್ದನಂತೆ, ತೆಗೆದುಕೊಳ್ಳಲಿಲ್ಲ. ಬಾಸ್ಕೆಟ್‌ಬಾಲ್‌ಗೂ ಅಷ್ಟೇ. ಆ ತಂಡಗಳಿಗೆ ಬರುವವರು ಆರು ವರ್ಷಕ್ಕೇ ಖಾಸಗಿ ಕ್ಲಬ್ ಸೇರಿದವರು. ವರ್ಷಕ್ಕೆ ಸಾವಿರಾರು ಡಾಲರ್ ಫೀಸು ಕಟ್ಟಿ, ವಾರಾಂತ್ಯಕ್ಕೆ ಬೇರೆ ರಾಜ್ಯಗಳಿಗೆ ಹೋಗಿ ಆಡಿ ಬಂದವರು. ನಮ್ಮವರ ಮಕ್ಕಳಿಗೂ ಟೆನಿಸ್ ಬಂದದ್ದು ಹಾಗೆಯೇ ಅಲ್ವಾ? ಫುಟ್‌ಬಾಲ್ ಕೋಚ್ ಮಾತ್ರ ಬಂದವರನ್ನೆಲ್ಲ ಸೇರಿಸಿಕೊಂಡರು. ಶೂ ಬಿಟ್ಟು ಉಳಿದದ್ದನ್ನೆಲ್ಲ ಶಾಲೆಯೇ ಕೊಟ್ಟಿತು.

"ಸೋತರೆ ಬೇಜಾರಿಲ್ವಾ ಅವನಿಗೆ?" ಅಂತ ಕೇಳಿದೆ.

"ಶುಕ್ರವಾರ ರಾತ್ರಿ ಬೇಜಾರು. ಸೋಮವಾರ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಹೋಗುತ್ತಾನೆ" ಎಂದರು.

ತಂಡ ಮುಚ್ಚಿದರೆ ಇಂಥ ಹುಡುಗರು ಮಧ್ಯಾಹ್ನ ಮೂರರ ಬಸ್ಸಿಗೆ ಮನೆಗೆ ಹೋಗುತ್ತಾರೆ. ಅವರು ರೋಬೋಟಿಕ್ಸ್‌ಗೆ ಸೇರುತ್ತಾರೆ ಅನ್ನುವುದು ನಮ್ಮ ಗುಂಪಿನವರ ಕಲ್ಪನೆ.

ಹಾಗಾದರೆ ಏನು ಮಾಡಬೇಕು? ಸಭೆಯಲ್ಲಿ ನನ್ನ ಸರದಿ ಬಂದಾಗ ಹೇಳಿದ್ದು ಇಷ್ಟು. ಸೋಲು ಗೆಲುವನ್ನು ಲೆಕ್ಕದಿಂದ ಬಿಡಿ. ಆಗಸ್ಟ್‌ನಲ್ಲಿ ಅಭ್ಯಾಸ ಶುರುವಾದಾಗ ಹನ್ನೊಂದು, ಹನ್ನೆರಡನೇ ಕ್ಲಾಸಿನ ಹುಡುಗರು ಎಷ್ಟಿದ್ದಾರೆ ಅಂತ ಎಣಿಸಿ. ಇಷ್ಟಕ್ಕಿಂತ ಕಡಿಮೆ ಇದ್ದರೆ ಆ ವರ್ಷ ವಾರ್ಸಿಟಿ ಇಲ್ಲ ಅಂತ ಮೊದಲೇ ಗೆರೆ ಹಾಕಿ. ಆ ಗೆರೆಯನ್ನು ಕೋಚ್ ಒಬ್ಬರೇ ಹಾಕಬಾರದು, ಶಾಲೆಯ ಅಥ್ಲೆಟಿಕ್ ಟ್ರೇನರ್ ಜೊತೆಗಿರಬೇಕು. ಗಾಯ ನೋಡಿಕೊಳ್ಳುವವರು ಅವರು. ಹುಡುಗರು ಸಾಲದ ವರ್ಷ ಕಿರಿಯರ ಪಂದ್ಯ ಆಡಲಿ, ಇಲ್ಲವೇ ಪಕ್ಕದ ಶಾಲೆಯ ಜೊತೆ ಸೇರಲಿ. ಬಲವಾದ ತಂಡಗಳ ವೇಳಾಪಟ್ಟಿಯಿಂದ ಹೊರಬಂದು ತಮ್ಮಂಥ ತಂಡಗಳನ್ನೇ ಹುಡುಕಿ ಆಡಲಿ.

ಇನ್ನೊಂದು ದಾರಿ ಈ ದೇಶದಲ್ಲಿ ಎಂದೋ ಸಿಕ್ಕಿದೆ. ನೆಬ್ರಾಸ್ಕ ರಾಜ್ಯದಲ್ಲಿ ಸ್ಟೀಫನ್ ಎಪ್ಲರ್ ಎಂಬ ಮೇಷ್ಟ್ರು 1934ರಲ್ಲಿ ಆರು ಜನರ ಫುಟ್‌ಬಾಲ್ ಕಂಡುಹಿಡಿದರು. ಕಷ್ಟದ ಕಾಲ, ಚಿಕ್ಕ ಶಾಲೆಗಳಿಗೆ ಹನ್ನೊಂದು ಹುಡುಗರು ಸಿಗುತ್ತಿರಲಿಲ್ಲ. ಮೈದಾನ ಚಿಕ್ಕದು, 80 ಗಜ ಉದ್ದ, 40 ಗಜ ಅಗಲ. ಆರು ಜನರಲ್ಲಿ ಯಾರು ಬೇಕಾದರೂ ಚೆಂಡು ಹಿಡಿಯಬಹುದು. ಟೆಕ್ಸಸ್‌ನ ಸಣ್ಣ ಊರುಗಳಲ್ಲಿ ಇವತ್ತಿಗೂ ಆಡುತ್ತಾರೆ, ನೋಡಲು ಜನವೂ ಬರುತ್ತಾರೆ. ನಮ್ಮ ಸಭೆಯಲ್ಲಿ ಇದನ್ನು ಹೇಳಿದಾಗ ಹಳೆಯ ಆಟಗಾರರೊಬ್ಬರು ಮುಖ ಸಿಂಡರಿಸಿದರು. ಅದು ಹಳ್ಳಿಯವರ ಆಟವಂತೆ. ಐವತ್ತು ಅಂಕದಿಂದ ಸೋಲುವುದರಲ್ಲಿ ಯಾವ ಪಟ್ಟಣದ ಮರ್ಯಾದೆ ಇದೆಯೋ ನನಗೆ ತಿಳಿಯಲಿಲ್ಲ.

ಹುಡುಗಿಯರು ಆಡುವ ಫ್ಲ್ಯಾಗ್ ಫುಟ್‌ಬಾಲ್ ಕೂಡ ಬರುತ್ತಿದೆ. ಅದರಲ್ಲಿ ಕೆಡವುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟಿನ ಜೊತೆ ಇದೂ ಸೇರಿದೆ. ಇದಕ್ಕಾದರೆ ನಮ್ಮ ಗುಂಪಿನ ಅಪ್ಪ ಅಮ್ಮಂದಿರು ಮಕ್ಕಳನ್ನು ಕಳಿಸುತ್ತಾರೆ. ಕಾಲೇಜು ಅರ್ಜಿಯಲ್ಲಿ ಬರೆಯಬಹುದು ಅಂತ ಗೊತ್ತಾದರೆ ಸಾಲು ನಿಲ್ಲುತ್ತಾರೆ.

ಮಂಡಳಿ ಇನ್ನೂ ತೀರ್ಮಾನ ಮಾಡಿಲ್ಲ. ಮೊನ್ನೆ ಇದೇ ಟೌನ್‌ಶಿಪ್‌ನಲ್ಲಿರುವ, ದಾವಣಗೆರೆ ಕಡೆಯ ಗೆಳತಿಯೊಬ್ಬಳು ಫೋನ್ ಮಾಡಿ, "ಅಲ್ಲಕ್ಕಾ, ನಿನ್ನ ಮಗಳು ಆಡಲ್ಲ, ನಿನಗ್ಯಾಕೆ ಈ ಉಸಾಬರಿ?" ಅಂದಳು. ತೆರಿಗೆ ಕಟ್ಟುತ್ತೇನಲ್ಲ, ಅದಕ್ಕೇ ಅಂದೆ. ಮುಂದಿನ ಸಭೆ ಮಂಗಳವಾರ ಇದೆ, ನೀನೂ ಬಾ, ರೋಬೋಟಿಕ್ಸ್ ಪರವಾಗಿ ಬೇಕಾದರೆ ಅಲ್ಲೇ ಮಾತಾಡು ಅಂದೆ. ಬರುತ್ತೇನೆ ಅಂದಿದ್ದಾಳೆ, ಮಗನ ಟ್ಯೂಷನ್ ಮುಗಿದ ಮೇಲೆ.