ಬಿಸಿಲ್ಗುದುರೆಗೆ ಫೋಕಸ್ ಹಾಕಿದ ದಿನ

ಆ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ. ಮಧ್ಯಾಹ್ನ ಹನ್ನೆರಡೂವರೆ, ಮೊಹಾವಿ ಮರುಭೂಮಿಯ ರಸ್ತೆ ಬದಿ. ನಾನು ಬೈಯುತ್ತಿದ್ದೆ. ಅವನು ರೈಲ್ವೆ ರೇಡಿಯೋ ಕೇಳಿಸುವ ಸ್ಕ್ಯಾನರ್ ಹಿಡಿದುಕೊಂಡು ನೆಲ ನೋಡುತ್ತಿದ್ದ.

ಸರಕು ಸಾಗಣೆ ಕಂಪನಿಯೊಂದರ ಕ್ಯಾಲೆಂಡರ್ ಕೆಲಸ ಅದು. ಹನ್ನೆರಡು ತಿಂಗಳಿಗೆ ಹನ್ನೆರಡು ಗೂಡ್ಸ್ ರೈಲು, ಎಲ್ಲವೂ ಕ್ಯಾಲಿಫೋರ್ನಿಯಾದ ಮರುಭೂಮಿ ಮತ್ತು ಬೆಟ್ಟಗಳಲ್ಲಿ. ನಾನು ಲಾಸ್ ಏಂಜಲೀಸ್‌ನ ಒಂದು ಸ್ಟುಡಿಯೋದಲ್ಲಿ ಫೋಟೋಗ್ರಾಫರ್. ಅಸಿಸ್ಟೆಂಟ್ ಆಗಿ ಬಂದವನು ನಮ್ಮ ಅರಸೀಕೆರೆಯವನು. ಅವನಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್.

ಕಾಲ್ ಶೀಟ್, ಅಂದರೆ ಎಲ್ಲಿ ಎಷ್ಟು ಹೊತ್ತಿಗೆ ಶೂಟಿಂಗ್ ಅನ್ನುವ ಪಟ್ಟಿ, ಆಫೀಸಿನಲ್ಲಿ ಕೂತು, ಮ್ಯಾಪ್‌ನಲ್ಲಿ ಮೈಲಿ ಎಣಿಸಿ ಮಾಡಿದ್ದು. ಬೆಳಿಗ್ಗೆ ಕಹೋನ್ ಪಾಸ್, ಮಧ್ಯಾಹ್ನ ಕೆಲ್ಸೋ, ರಾತ್ರಿ ಬಾರ್‌ಸ್ಟೋ, ಮರುದಿನ ಟೆಹಾಚಪಿ. ಒಂದೇ ರಾತ್ರಿಯ ಮೋಟೆಲ್ ಖರ್ಚು ಅಂತ ಅವರಿಗೆ ಸಮಾಧಾನ. ಬೇಸಿಗೆಯ ಮಧ್ಯಾಹ್ನ ಮರುಭೂಮಿ ಯಾಕೆ ಅಂತ ನಾನಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಕೆಲ್ಸೋದಿಂದ ಸೀಮಾ ಕಡೆಗೆ ಹಳಿ 20 ಮೈಲಿಯೊಳಗೆ 2,000 ಅಡಿ ಏರುತ್ತದೆ. ಉಗಿಬಂಡಿ ಕಾಲದಲ್ಲಿ ಈ ಏರಿಗೆ ಹೆಚ್ಚುವರಿ ಇಂಜಿನ್ ಜೋಡಿಸುತ್ತಿದ್ದರು. ಕೆಲ್ಸೋ ಅನ್ನುವ ಊರು ಹುಟ್ಟಿದ್ದೇ ಆ ಇಂಜಿನ್‌ಗಳಿಂದ ಮತ್ತು ಅಲ್ಲಿನ ನೀರಿನಿಂದ. 1924ರ ಸ್ಟೇಷನ್ ಕಟ್ಟಡ ಈಗಲೂ ನಿಂತಿದೆ. ಕ್ಲೈಂಟ್ ಕಳಿಸಿದ್ದ ಸ್ಕೆಚ್‌ನಲ್ಲಿ ಹಳದಿ ಇಂಜಿನ್ ಎದುರಿಗೇ ಬರಬೇಕು, ಅದರ ಬೆನ್ನಿಗೆ ಕೆಲ್ಸೋ ಮರಳುದಿಬ್ಬಗಳು ಕಾಣಬೇಕು. ಅಂದರೆ ದೂರದ್ದನ್ನು ಹತ್ತಿರಕ್ಕೆ ಎಳೆಯುವ 600 ಎಂಎಂ ಲೆನ್ಸ್. ರೈಲ್ವೆ ಜಾಗಕ್ಕೆ ಕಾಲಿಡದೆ, ರಸ್ತೆ ತುದಿಯಲ್ಲೇ ಟ್ರೈಪಾಡ್ ನಿಲ್ಲಿಸಿದೆ. ಇಂಜಿನ್ ದೈತ್ಯನ ಹಾಗೆ ಕಾಣಲಿ ಅಂತ ಕ್ಯಾಮೆರಾವನ್ನು ಮಂಡಿ ಮಟ್ಟಕ್ಕೆ ಇಳಿಸಿದೆ.

ಸ್ಕ್ಯಾನರ್‌ನಲ್ಲಿ ಹಳಿ ಬದಿಯ ಡಿಟೆಕ್ಟರ್ (ದಾಟುವ ರೈಲನ್ನು ತಾನೇ ಪರೀಕ್ಷಿಸುವ ಯಂತ್ರ) ಕೂಗಿತು, ನೋ ಡಿಫೆಕ್ಟ್ಸ್. ಸ್ವಲ್ಪ ಹೊತ್ತಿಗೆ ದೂರದಲ್ಲಿ ಹೆಡ್‌ಲೈಟ್ ಕಂಡಿತು. ಅಲ್ಲಿ ರೈಲು ಕಂಡ ಮೇಲೂ ಹತ್ತಿರ ಬರಲು ಎಷ್ಟೋ ನಿಮಿಷ ಬೇಕು. ಆ ಬೆಳಕು ಒಂದು ಚುಕ್ಕೆಯಾಗಿ ನಿಲ್ಲುತ್ತಲೇ ಇರಲಿಲ್ಲ. ಗಾಳಿಗೆ ಸಿಕ್ಕ ದೀಪದ ಹಾಗೆ ಉದ್ದವಾಗುತ್ತಿತ್ತು, ಎರಡಾಗುತ್ತಿತ್ತು, ಮತ್ತೆ ಕೂಡುತ್ತಿತ್ತು.

"ಅಕ್ಕಾ, ಬಿಸಿಲ್ಗುದುರೆ ಕುಣೀತಿದೆ. ಇಷ್ಟು ದೂರದಿಂದ ಫೋಟೋ ಬರುತ್ತಾ? ಹತ್ತಿರ ಬಂದ ಮೇಲೆ ತೆಗಿಯೋಣ್ವಾ?" ಅಂದ.

"ನೀನು ರೇಡಿಯೋ ನೋಡ್ಕೋ" ಅಂದೆ.

ಒತ್ತುತ್ತಲೇ ಹೋದೆ. ಮೊದಲ ಬರ್ಸ್ಟ್ (ಪಟಪಟ ತೆಗೆದ ಫೋಟೋಗಳ ಸಾಲು) ಆದ ಮೇಲೆ ಕ್ಯಾಮೆರಾದ ಸ್ಕ್ರೀನ್ ದೊಡ್ಡದು ಮಾಡಿ ನೋಡಿದರೆ ಇಂಜಿನ್ ಮಂಕು. ಫೋಕಸ್ ತಪ್ಪಿದೆ ಅಂತ ಒಂದೇ ಕ್ಷಣದಲ್ಲಿ ತೀರ್ಮಾನಿಸಿಬಿಟ್ಟೆ. ಲೆನ್ಸ್ ಹಾಕಿದ್ದು ಅವನು. ಫೋಕಸ್ ಸ್ವಿಚ್‌ಗೆ ಕೈ ತಗುಲಿಸಿದ್ದೀಯ, ನೋಡಿಕೊಂಡು ಹಾಕೋಕೆ ಆಗಲ್ವಾ ಅಂತ ಜೋರಾಗಿಯೇ ಅಂದೆ. ಅವನು ಒಂದು ಮಾತೂ ಆಡಲಿಲ್ಲ. ಮ್ಯಾನುವಲ್‌ಗೆ ಹಾಕಿದೆ. ಶಟರ್ 1/4000ಕ್ಕೆ ಏರಿಸಿದೆ. ಹಾಗೇ ಮಂಕು. ಅಷ್ಟರಲ್ಲಿ ರೈಲು ನಮ್ಮನ್ನು ದಾಟಿತು. ಒಂದರ ಮೇಲೊಂದು ಕಂಟೇನರ್ ಹೊತ್ತ ಡಬಲ್ ಸ್ಟ್ಯಾಕ್ ಸಾಲು, ಕೊನೆಯಲ್ಲಿ ಡಿಪಿಯು, ಅಂದರೆ ಹಿಂದಿನಿಂದ ತಳ್ಳುವ ಇಂಜಿನ್. ಕಣ್ಣೆದುರಿಗೇ ಅಷ್ಟು ಸ್ಪಷ್ಟವಾಗಿ ಹಾದುಹೋದ ರೈಲಿನ ಒಂದು ಫ್ರೇಮೂ ನನ್ನ ಹತ್ತಿರ ಇರಲಿಲ್ಲ. ಹತ್ತಿರಕ್ಕೆ ಬೇಕಾದ ಲೆನ್ಸ್ ಕಾರಿನೊಳಗೆ ಎಸಿಯಲ್ಲಿ ಕೂತಿತ್ತು.

ರಾತ್ರಿ ಬಾರ್‌ಸ್ಟೋದಲ್ಲಿ ಕಾರ್ಡ್ ಡಂಪ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ತೆರೆದೆ. ಇಂಜಿನ್ ನಂಬರಿನಲ್ಲಿ ಒಂದು 8 ಇತ್ತು. ಮೊದಲ ಫ್ರೇಮಿನಲ್ಲಿ ಅದರ ಸೊಂಟ ಎಡಕ್ಕೆ ಜಾರಿದೆ, ಮುಂದಿನದರಲ್ಲಿ ಬಲಕ್ಕೆ, ಮೂರನೆಯದರಲ್ಲಿ ನಡುವೆ ಸೀಳಿ ಎರಡು ಸೊನ್ನೆ. ಹಳಿ ಹಾವಿನ ಹಾಗೆ ತೆವಳುತ್ತಿದೆ. ಫೋಕಸ್ ತಪ್ಪಿದ್ದರೆ ಅಂಚುಗಳೆಲ್ಲ ಒಂದೇ ಸಮ ಮಂಕಾಗುತ್ತಿದ್ದವು. ಒಂದೊಂದು ಫ್ರೇಮ್ ಒಂದೊಂದು ಥರ ಸೊಟ್ಟಗಾಗಿದೆ ಅಂದರೆ ಅದು ಗಾಳಿ ಮಾಡಿದ್ದು. ಕಾದ ಜಲ್ಲಿಯ ಮೇಲೆ ಒಂದು ಮೈಲಿ ಉದ್ದಕ್ಕೂ ಕುದಿಯುವ ಗಾಳಿ. ಅದರ ತಳದಲ್ಲೇ, ಮಂಡಿ ಮಟ್ಟದಲ್ಲಿ, ನಾನು ಕ್ಯಾಮೆರಾ ಇಟ್ಟಿದ್ದೆ. ಅಲ್ಲಿ ಎಂಥ ದುಬಾರಿ ಲೆನ್ಸ್ ತಂದರೂ ಕುದಿಯುವ ಗಾಳಿಯನ್ನೇ ಚೆನ್ನಾಗಿ ತೋರಿಸುತ್ತದೆ ಅಷ್ಟೆ. ಸ್ಕ್ರೀನ್ ಸಾಲದು, ಫೀಲ್ಡಿಗೆ ಒಂದು ಒಳ್ಳೆ ಮಾನಿಟರ್ ಕೊಡಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದೇನೆ. ಆದರೆ ಅವತ್ತು ಮಾನಿಟರ್ ಬೇಕಿರಲಿಲ್ಲ. ಪಕ್ಕದಲ್ಲಿ ನಿಂತವನ ಮಾತು ಕೇಳಿದ್ದರೆ ಸಾಕಿತ್ತು.

ಪಕ್ಕದ ರೂಮಿನ ಬಾಗಿಲು ತಟ್ಟಿದೆ. "ತಪ್ಪಾಯ್ತು ಕಣೋ, ನಿನ್ನ ಕೈ ಅಲ್ಲ, ಗಾಳಿ" ಅಂದೆ.

"ಬಿಡಿ ಅಕ್ಕ. ಬೇಸಿಗೇಲಿ ಅಪ್ಪನಿಗೆ ಊಟ ತಗೊಂಡು ಹೋಗ್ತಿದ್ದೆ. ಮಧ್ಯಾಹ್ನ ದೂರದಿಂದ ನೋಡಿದ್ರೆ ಗ್ಯಾಂಗ್‌ನವರಿಗೆಲ್ಲ ಕಾಲೇ ಇರ್ತಿರಲಿಲ್ಲ. ಹತ್ತಿರ ಹೋದ ಮೇಲೇ ಅಪ್ಪ ಯಾರು ಅಂತ ಗೊತ್ತಾಗ್ತಿತ್ತು" ಅಂದ. ಅವನಿಗೆ ಹುಟ್ಟಿನಿಂದ ಗೊತ್ತಿದ್ದ ವಿಷಯ ಅದು. ಹೇಳಿಯೂ ಇದ್ದ.

ಮರುದಿನ ಕಾಲ್ ಶೀಟ್ ಬದಿಗಿಟ್ಟು ನಸುಕಿಗೇ ಹೊರಟೆವು. ಟೆಹಾಚಪಿಯ ಲೂಪ್ 1876ರದು, ಬಹುಪಾಲು ಚೀನೀ ಕೂಲಿಗಳು ಕಡಿದು ಕಟ್ಟಿದ ದಾರಿ. 3,779 ಅಡಿಯ ಒಂದು ಸುತ್ತಿನಲ್ಲಿ ಹಳಿ 77 ಅಡಿ ಏರುತ್ತದೆ. ಅಂದರೆ ಹೆಚ್ಚುಕಮ್ಮಿ 50ಕ್ಕೆ 1, ನಮ್ಮ ಸಕಲೇಶಪುರ ಘಾಟಿಯದ್ದೇ ಏರು. ಅದನ್ನು ಲೆಕ್ಕ ಹಾಕಿ ಹೇಳಿದವನೂ ಅವನೇ. ಮೇಲಿನ ರಸ್ತೆಯಿಂದ, ಅಗಲಕ್ಕೆ ಕಾಣುವ 35 ಎಂಎಂ ಲೆನ್ಸಿನಲ್ಲಿ, ತಣ್ಣನೆ ಗಾಳಿಯಲ್ಲಿ ಕಾದೆವು. ಇಂಜಿನ್ ಕೆಳಗಿನ ಸುರಂಗದಿಂದ ಹೊರಬಂತು. ಗುಡ್ಡ ಸುತ್ತಿ ಅದೇ ಸುರಂಗದ ನೆತ್ತಿಗೆ ಬರಲು ಎರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾನು ಮೂರು ಸಲ "ಎಲ್ಲಾ ಸರಿ ಇದೆಯಾ ನೋಡು" ಅಂತ ಅವನನ್ನೇ ಕೇಳಿದೆ. ತನ್ನದೇ ಬಾಲದ ಮೇಲೆ ರೈಲು ದಾಟಿತು. ಕಂಟೇನರ್‌ಗಳ ಮೇಲಿನ ಅಕ್ಷರವೂ ಓದುವಷ್ಟು ಚೊಕ್ಕ.

ಮರುಭೂಮಿಯ ಆ ಒಂದು ಪುಟ ಮಾತ್ರ ಇನ್ನೂ ಖಾಲಿ. ಹೊಸ ಕಾಲ್ ಶೀಟ್ ಬಂತು, ಕೆಲ್ಸೋ, ಮಧ್ಯಾಹ್ನ 12. ಬೆಳಿಗ್ಗೆ 6 ಅಂತ ತಿದ್ದಿ, ಮೋಟೆಲ್ ಖರ್ಚು ಒಂದು ರಾತ್ರಿ ಜಾಸ್ತಿ ಅಂತ ಬರೆದು ವಾಪಸ್ ಕಳಿಸಿದ್ದೇನೆ. ಅಸಿಸ್ಟೆಂಟ್ ಜಾಗದಲ್ಲಿ ಅವನ ಹೆಸರೇ ಹಾಕಿದ್ದೇನೆ.